ಗುಲಾಬಿ ಸೂಚಿ

ಮಳೆ ಹಿಡಿದು ಮನೆಯೊಳಗೇ ಕೂರಬೇಕಾಗಿ ಬಂದರೆ ನಮ್ಮ ಕಡೆ ಹಪ್ಪಳ ಸುಡುತ್ತೇವೆ, ಚೌಕಾಬಾರದ ಮಣೆ ಇಳಿಸುತ್ತೇವೆ, ಇಲ್ಲವೇ ದೆವ್ವದ ಕಥೆ ಹೇಳುತ್ತೇವೆ. 1816ರಲ್ಲಿ ಜಿನೀವಾ ಸರೋವರದ ದಂಡೆಯ ಬಂಗಲೆಯೊಂದರಲ್ಲಿ ಕೂಡಿದ್ದ ಇಂಗ್ಲಿಷರೂ ಮಾಡಿದ್ದು ಅದನ್ನೇ. ಹಿಂದಿನ ವರ್ಷ ಇಂಡೋನೇಷ್ಯಾದಲ್ಲಿ ತಂಬೋರಾ ಎಂಬ ಜ್ವಾಲಾಮುಖಿ ಸಿಡಿದಿತ್ತು. ಅದರ ದೂಳು ಆಕಾಶಕ್ಕೆಲ್ಲ ಹಬ್ಬಿ, ಆ ವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಬರೀ ಮಳೆ, ಚಳಿ. ಬೇಸರ ಕಳೆಯಲು ಕವಿ ಬೈರನ್ ಎಲ್ಲರೂ ಒಂದೊಂದು ದೆವ್ವದ ಕಥೆ ಬರೆಯೋಣ ಎಂದ. ಹೆಸರಾಂತ ಕವಿಗಳಿಬ್ಬರೂ ಅರ್ಧಕ್ಕೇ ಕೈಬಿಟ್ಟರು. 18 ವರ್ಷದ ಮೇರಿ ಮಾತ್ರ ಹಿಡಿದ ಕೆಲಸ ಮುಗಿಸಿದಳು. 1818ರಲ್ಲಿ 'ಫ್ರಾಂಕನ್‌ಸ್ಟೈನ್' ಅಚ್ಚಾದಾಗ ಪುಸ್ತಕದ ಮೇಲೆ ಅವಳ ಹೆಸರೇ ಇರಲಿಲ್ಲ.

ವಿಜ್ಞಾನ ಕಥೆಯ ಚರಿತ್ರೆಯನ್ನು ಹಲವರು ಈ ಬಂಗಲೆಯಿಂದಲೇ ಶುರು ಮಾಡುತ್ತಾರೆ. ನನಗೆ ಕಥೆಗಿಂತ ಹೆಚ್ಚಾಗಿ ಕುತೂಹಲ ಹುಟ್ಟಿಸುವುದು ಕಥೆಗಾಗಿ ಸೇರಿದ ಜನ. ಯಾರು ಕರೆದರು, ಯಾರು ಬಂದರು, ಯಾರು ಮಾತಾಡಿದರು, ಯಾರು ಸುಮ್ಮನೆ ಕೂತು ಕೇಳಿಸಿಕೊಂಡರು? ಮಹಿಳಾ ಸಮಾಜದಲ್ಲಿ ಕಾರ್ಯದರ್ಶಿಯಾಗಿ ದುಡಿದವರಿಗೆ ಇಂಥ ಪ್ರಶ್ನೆಗಳು ತಾವಾಗಿಯೇ ಬರುತ್ತವೆ.

ಇದಕ್ಕೆ ಇನ್ನೊಂದು ಕಾರಣವೂ ಉಂಟು. ನನ್ನ ಅಣ್ಣನ ಮಗಳು ಹೊರದೇಶದ ಒಂದು ವಿಶ್ವವಿದ್ಯಾನಿಲಯದಲ್ಲಿ ಓದುತ್ತಾಳೆ. ಅಲ್ಲಿ ವಿಜ್ಞಾನ ಕಥೆ ಮತ್ತು ಫ್ಯಾಂಟಸಿ ಓದುವ ಹುಡುಗ ಹುಡುಗಿಯರ ಸಂಘವೊಂದಿದೆ. ಬರುವ ತಿಂಗಳ ಕಾರ್ಯಕ್ರಮದ ಪಟ್ಟಿಯನ್ನು ಅವಳು ನನಗೆ ಕಳಿಸಿದ್ದಳು. ಶುಕ್ರವಾರ ಸಂಜೆ ಸಭೆ. ಶನಿವಾರ ಸಿನಿಮಾ. ಮರುವಾರ ಮಣೆಯಾಟಗಳ ರಾತ್ರಿ. ಅದಾದ ಮೇಲೆ ಹಳೆ ಪುಸ್ತಕದ ಅಂಗಡಿಗೆ ಎಲ್ಲರೂ ಕೂಡಿ ಹೋಗುವುದು. ಕೊನೆಗೊಂದು ವನಭೋಜನ, ಬರುವವರು ಏನಾದರೂ ತಿಂಡಿ ತರಬೇಕು. ಓದಿ ನಗು ಬಂತು. ರಂಗೋಲಿ ಸ್ಪರ್ಧೆ, ಅರಿಶಿನ ಕುಂಕುಮ ಸೇರಿಸಿಬಿಟ್ಟರೆ ನಮ್ಮ ಸಮಾಜದ ಸೂಚನಾ ಫಲಕವೇ! "ತಿಂಡಿ ಯಾರು ಮಾಡುತ್ತೀರಿ?" ಎಂದು ಕೇಳಿದೆ. "ಅತ್ತೆ, ಎಲ್ಲರೂ ಸೇರಿ ಮಾಡುತ್ತೇವೆ, ಹುಡುಗರೂ ಮಾಡುತ್ತಾರೆ" ಅಂದಳು. ಇರಲಿ, ಕಾಲ ಅಷ್ಟಾದರೂ ಮುಂದೆ ಬಂದಿದೆಯಲ್ಲ.

ಈ ಸಂಘಗಳು ಹುಟ್ಟಿದ ಬಗೆ ವಿಚಿತ್ರ. 1926ರಲ್ಲಿ ಅಮೆರಿಕದ ಹ್ಯೂಗೋ ಗರ್ನ್ಸ್‌ಬ್ಯಾಕ್ ಬರೀ ವಿಜ್ಞಾನ ಕಥೆಗಳಿಗೆಂದೇ 'ಅಮೇಜಿಂಗ್ ಸ್ಟೋರೀಸ್' ಪತ್ರಿಕೆ ತೆಗೆದ. ಓದುಗರ ಪತ್ರಗಳನ್ನು ಅವರ ವಿಳಾಸ ಸಮೇತ ಅಚ್ಚು ಹಾಕುತ್ತಿದ್ದ. ಓದುಗರು ಸಂಪಾದಕನನ್ನು ಬಿಟ್ಟು ತಮ್ಮ ತಮ್ಮಲ್ಲೇ ಕಾಗದ ಬರೆದುಕೊಳ್ಳತೊಡಗಿದರು. ಒಂದೇ ಊರಿನಲ್ಲಿದ್ದವರು ಒಬ್ಬರನ್ನೊಬ್ಬರು ಹುಡುಕಿಕೊಂಡು ಹೋದರು. ವಾರಪತ್ರಿಕೆಯ ಧಾರಾವಾಹಿಯ ಮುಂದಿನ ಕಂತನ್ನು ಪಕ್ಕದ ಮನೆಯವರೊಡನೆ ಊಹಿಸಿ ಊಹಿಸಿ ಮಾತಾಡಿದ ನಮಗೆ ಆ ಹಸಿವು ಹೊಸದಲ್ಲ. 1937ರ ಜನವರಿಯಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಬೆರಳೆಣಿಕೆಯಷ್ಟು ಮಂದಿ ಒಂದು ಸಭಾಂಗಣದಲ್ಲಿ ಸೇರಿ ಸಮ್ಮೇಳನವನ್ನೇ ಮಾಡಿದರು. ಮುಂದೆ ಜಗತ್ಪ್ರಸಿದ್ಧನಾದ ಆರ್ಥರ್ ಸಿ. ಕ್ಲಾರ್ಕ್ ಅವರಲ್ಲೊಬ್ಬ.

ಎರಡು ವರ್ಷದ ಮೇಲೆ, 1939ರಲ್ಲಿ, ನ್ಯೂಯಾರ್ಕಿನಲ್ಲಿ ಮೊದಲ ವಿಶ್ವ ಸಮ್ಮೇಳನ ನಡೆಯಿತು. ಅಲ್ಲಿಗೆ ಫಾರೆಸ್ಟ್ ಆಕರ್‌ಮನ್ ಎಂಬ ತರುಣ ಮುಂದಿನ ಶತಮಾನದವನಂತೆ ಹೆಗಲಿಗೆ ಮೇಲಂಗಿ ಇಳಿಬಿಟ್ಟ ಉಡುಪು ತೊಟ್ಟು ಬಂದ. ಇವತ್ತು ಕಥೆಯ ಪಾತ್ರಗಳ ವೇಷ ಹಾಕಿಕೊಂಡು ಲಕ್ಷಾಂತರ ಮಂದಿ ಮೆರೆಯುತ್ತಾರಲ್ಲ, ಆ ಪದ್ಧತಿಗೆಲ್ಲ ಅವನೇ ಮೂಲಪುರುಷ ಎಂದು ಎಷ್ಟೋ ವರ್ಷ ಬರೆದರು. ಆದರೆ ಆ ಬಟ್ಟೆ ಹೊಲಿದದ್ದು ಯಾರು? ಮಿರ್ಟಲ್ ಡಗ್ಲಸ್ ಎಂಬ ಹೆಂಗಸು. ಎಸ್ಪೆರಾಂಟೋ ಭಾಷೆಯ ಅಕ್ಷರಗಳಲ್ಲಿ ತನ್ನ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ 'ಮೊರೋಜೋ' ಎಂದು ಕರೆದುಕೊಳ್ಳುತ್ತಿದ್ದಳು. ಮಾದರಿ ಯೋಚಿಸಿದವಳು ಅವಳು, ಹೊಲಿದವಳು ಅವಳು. ತನಗೂ ಒಂದು ಹೊಲಿದುಕೊಂಡು ಅದನ್ನು ತೊಟ್ಟು ಅದೇ ಸಮ್ಮೇಳನಕ್ಕೆ ಬಂದಿದ್ದಳು. ಅವಳು 1964ರಲ್ಲಿ ತೀರಿಕೊಂಡಳು. ಮೊದಲ ಹೆಸರು ಅವಳದೂ ಆಗಬೇಕು ಎಂದು ಜನ ಹೇಳತೊಡಗಿದ್ದು ಅದಾದ ಬಹಳ ಕಾಲದ ಮೇಲೆ. ಮದುವೆ ಮನೆಯಲ್ಲಿ ಮಂಟಪ ಕಟ್ಟಿದವನ ಹೆಸರು ಎಲ್ಲರ ಬಾಯಲ್ಲಿ, ರಾತ್ರಿಯಿಡೀ ಹೂ ಕಟ್ಟಿದವಳ ಹೆಸರು ಯಾರಿಗೂ ಗೊತ್ತಿಲ್ಲ ಅನ್ನುವ ಹಾಗೆ.

ವಿಶ್ವವಿದ್ಯಾನಿಲಯಗಳಿಗೆ ಬಂದರೆ ಮೊದಲು ಹೇಳಬೇಕಾದ್ದು ಆಕ್ಸ್‌ಫರ್ಡ್. ಅಲ್ಲಿ ಸುಮಾರು 1931ರಲ್ಲಿ ಟ್ಯಾಂಗಿ ಲೀನ್ ಎಂಬ ವಿದ್ಯಾರ್ಥಿ ಬರೆದದ್ದನ್ನು ಓದಿ ಚರ್ಚಿಸಲು 'ಇಂಕ್ಲಿಂಗ್ಸ್' ಎಂಬ ಪುಟ್ಟ ಕೂಟ ಕಟ್ಟಿದ. ಅಧ್ಯಾಪಕರಾಗಿದ್ದ ಟೋಲ್ಕಿನ್, ಸಿ.ಎಸ್. ಲೂಯಿಸ್ ಅದಕ್ಕೆ ಹೋಗುತ್ತಿದ್ದರು. ಹುಡುಗ ಓದು ಮುಗಿಸಿ ಹೋದ, ಕೂಟ ನಿಂತಿತು. ಹೆಸರು ಮಾತ್ರ ಉಳಿದು ಲೂಯಿಸನ ಗೆಳೆಯರ ಬಳಗಕ್ಕೆ ಅಂಟಿಕೊಂಡಿತು. ಗುರುವಾರ ರಾತ್ರಿ ಲೂಯಿಸನ ಕೋಣೆಯಲ್ಲಿ ಓದು, ಮಂಗಳವಾರ ಬೆಳಿಗ್ಗೆ 'ಈಗಲ್ ಅಂಡ್ ಚೈಲ್ಡ್' ಎಂಬ ಪಬ್ಬಿನಲ್ಲಿ ಹರಟೆ. 'ಲಾರ್ಡ್ ಆಫ್ ದಿ ರಿಂಗ್ಸ್' ಬರೆಬರೆದಂತೆ ಓದಿಸಿಕೊಂಡದ್ದು ಈ ಬಳಗದಲ್ಲೇ. ಕೇಳುತ್ತಿದ್ದವರಲ್ಲಿ ಹ್ಯೂಗೋ ಡೈಸನ್‌ಗೆ ಅದು ಸ್ವಲ್ಪವೂ ಹಿಡಿಸುತ್ತಿರಲಿಲ್ಲವಂತೆ. ನಮ್ಮ ಕಾವ್ಯ ವಾಚನಗಳಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ.

ಆ ಬಳಗದಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಡೊರೊತಿ ಸೇಯರ್ಸ್ ದೊಡ್ಡ ಲೇಖಕಿ, ಲೂಯಿಸನಿಗೆ ಆತ್ಮೀಯ ಸ್ನೇಹಿತೆ, ಆದರೂ ಅವಳು ಇಂಕ್ಲಿಂಗ್ಸ್ ಸೇರಲಿಲ್ಲ. 1950ರ ದಶಕದಲ್ಲಿ ಅದೇ ಆಕ್ಸ್‌ಫರ್ಡಿನ ತರಗತಿಗಳಲ್ಲಿ ಡಯಾನಾ ವಿನ್ ಜೋನ್ಸ್ ಎಂಬ ಹುಡುಗಿ ಇವರಿಬ್ಬರ ಪಾಠ ಕೇಳಿದಳು, ಮುಂದೆ ಮಕ್ಕಳಿಗೆ ಅದ್ಭುತ ಕಥೆಗಳನ್ನು ಬರೆದು ಹೆಸರಾದಳು. ಪಾಠ ಹೇಳುವ ಹಾಲ್ ಅವಳಿಗೆ ತೆರೆದಿತ್ತು. ಅಂಥ ಬಳಗದ ಕುರ್ಚಿ ಬೇರೆಯದೇ ಮಾತು.

ಇಲ್ಲಿ ಸ್ವಲ್ಪ ನಮ್ಮ ಕಡೆ ತಿರುಗಿ ನೋಡಬೇಕು ಅನ್ನಿಸುತ್ತದೆ. 1905ರಲ್ಲಿ ಬಂಗಾಳದ ರೊಕೇಯಾ ಹುಸೇನ್ 'ಸುಲ್ತಾನಾಸ್ ಡ್ರೀಮ್' ಬರೆದಳು. ಮದರಾಸಿನ 'ಇಂಡಿಯನ್ ಲೇಡೀಸ್ ಮ್ಯಾಗಜೀನ್'ನಲ್ಲಿ ಅದು ಪ್ರಕಟವಾಯಿತು. ಆ ಕಥೆಯ ದೇಶದಲ್ಲಿ ಗಂಡಸರು ಒಳಮನೆಯಲ್ಲಿರುತ್ತಾರೆ. ಹೆಂಗಸರು ಬಿಸಿಲಿನ ಶಾಖದಿಂದ ಅಡುಗೆ ಮಾಡುತ್ತಾರೆ, ಮೋಡದಿಂದ ನೇರವಾಗಿ ನೀರು ಇಳಿಸಿಕೊಳ್ಳುತ್ತಾರೆ, ದೇಶ ಆಳುತ್ತಾರೆ. ಸೌರ ಒಲೆಯನ್ನು ನಾವು ಕಣ್ಣಾರೆ ಕಂಡದ್ದು ಅದಾದ ಎಷ್ಟು ದಶಕದ ಮೇಲೆ! ಗಂಡ ಊರಲ್ಲಿಲ್ಲದ ಹೊತ್ತಿನಲ್ಲಿ ಬೇಸರ ಕಳೆಯಲು ಕೂತು ಬರೆದದ್ದಂತೆ. ಮೇರಿಗೆ ಬಂಗಲೆ ತುಂಬ ಕವಿಗಳಿದ್ದರು, ರೊಕೇಯಾಗೆ ಗಂಡನೊಬ್ಬನೇ ಮೊದಲ ಓದುಗ. ಅವನು ಮೆಚ್ಚಿಕೊಂಡದ್ದು ನಮ್ಮ ಪುಣ್ಯ.

ಈಗ ಅಮೆರಿಕದ ಎಂ.ಐ.ಟಿ.ಗೆ ಹೋಗೋಣ. ತಂತ್ರಜ್ಞಾನದ ಈ ಸಂಸ್ಥೆಗೆ ಬಂದ ಮೊದಲ ವಿದ್ಯಾರ್ಥಿನಿ ಎಲೆನ್ ಸ್ವಾಲೋ. 1870ರ ಕೊನೆಗೆ ಸೇರಿಸಿಕೊಂಡಾಗ ಅವಳಿಂದ ಶುಲ್ಕ ಪಡೆಯಲಿಲ್ಲ. ದಯೆ ಅಂದುಕೊಂಡರೆ ಅದಲ್ಲ. ಯಾರಾದರೂ ಆಕ್ಷೇಪಿಸಿದರೆ 'ಅವಳು ನಮ್ಮ ವಿದ್ಯಾರ್ಥಿಯೇ ಅಲ್ಲ' ಎನ್ನಲು ಅನುಕೂಲವಾಗಲಿ ಎಂದು! ಅವಳು ಸೂಜಿ ದಾರ ಹತ್ತಿರವೇ ಇಟ್ಟುಕೊಂಡು ಪ್ರಯೋಗಾಲಯದವರ ಹರಿದ ಬಟ್ಟೆ ಹೊಲಿದುಕೊಡುತ್ತಿದ್ದಳು, ಮೇಜು ಒರೆಸುತ್ತಿದ್ದಳು. ಓದಿದರೆ ಹೆಣ್ಣು ಕೆಟ್ಟುಹೋಗುತ್ತಾಳೆ ಎಂದು ಯಾರೂ ಹೇಳದಿರಲಿ ಎಂಬ ಲೆಕ್ಕಾಚಾರ. 1873ರಲ್ಲಿ ಪದವಿ ಪಡೆದಳು. ನೀರಿನ ಶುದ್ಧಿಯ ರಸಾಯನಶಾಸ್ತ್ರದಲ್ಲಿ ದೊಡ್ಡ ಕೆಲಸ ಮಾಡಿದಳು. ನಮ್ಮ ಕಾಲೇಜುಗಳಲ್ಲಿ ಗೃಹವಿಜ್ಞಾನ ಓದಿದವರೆಲ್ಲ ಒಂದು ರೀತಿಯಲ್ಲಿ ಅವಳ ಶಿಷ್ಯರೇ. ಅಮೆರಿಕದ ಗೃಹವಿಜ್ಞಾನ ಸಂಘಕ್ಕೆ 1908ರಲ್ಲಿ ಮೊದಲ ಅಧ್ಯಕ್ಷೆಯಾದವಳು ಅವಳು. ಇಷ್ಟಾದರೂ ಅಲ್ಲಿನ ಹುಡುಗಿಯರಿಗೆ ಕ್ಯಾಂಪಸ್ಸಿನ ಒಳಗೇ ಹಾಸ್ಟೆಲ್ ಸಿಕ್ಕಿದ್ದು 1963ರಲ್ಲಿ, ಕ್ಯಾಥರೀನ್ ಮೆಕಾರ್ಮಿಕ್ ಎಂಬ ಹಳೆಯ ವಿದ್ಯಾರ್ಥಿನಿ ಹಣ ಕೊಟ್ಟು ಕಟ್ಟಿಸಿದ ಮೇಲೆ. ಅಲ್ಲಿಯವರೆಗೆ ಕೆಲವರು ನದಿಯಾಚೆ ಬಾಸ್ಟನ್ನಿನ ಮನೆಯೊಂದರಲ್ಲಿದ್ದುಕೊಂಡು ಸೇತುವೆ ದಾಟಿ ಬರುತ್ತಿದ್ದರು. ರಾತ್ರಿಯ ಸಭೆ, ಸಿನಿಮಾ, ಗೋಷ್ಠಿ ಮುಗಿಸಿ ಚಳಿಯಲ್ಲಿ ಆ ಸೇತುವೆ ದಾಟಿ ಹಿಂದಿರುಗಬೇಕು. ಕಾರ್ಯಕ್ರಮದ ಪಟ್ಟಿಯಲ್ಲಿ 'ಎಲ್ಲರಿಗೂ ಸ್ವಾಗತ' ಎಂದು ಬರೆಯುವುದು ಸುಲಭ. ಮನೆಗೆ ಹೋಗುವ ದಾರಿಯನ್ನು ಪಟ್ಟಿ ಬರೆದವರು ಯೋಚಿಸಿರುವುದಿಲ್ಲ.

ಈ ಎಂ.ಐ.ಟಿ.ಯಲ್ಲಿ 1949ರಲ್ಲಿ ವಿಜ್ಞಾನ ಕಥಾ ಸಂಘ ಹುಟ್ಟಿತು. ಶುಕ್ರವಾರ ಸಂಜೆ 5 ಗಂಟೆಗೆ ಸಭೆ ಸೇರುವುದು ಅದರ ಹಳೆಯ ವಾಡಿಕೆ. ಅಧ್ಯಕ್ಷರಿಗೆ 'ಸ್ಕಿನ್ನರ್' ಎಂದು ಹೆಸರು. ಖಜಾಂಚಿಯ ಬಿರುದನ್ನು ಕನ್ನಡಕ್ಕೆ ತಂದರೆ 'ಹಣ ನುಂಗುವ ಮಹಾಪ್ರಭು' ಎಂದಾಗುತ್ತದೆ. ನಮ್ಮ ಸಂಘ ಸಂಸ್ಥೆಗಳಲ್ಲಿ ಖಜಾಂಚಿಗೆ ಇಷ್ಟು ಪ್ರಾಮಾಣಿಕವಾದ ಬಿರುದು ಕೊಡುವ ಧೈರ್ಯ ಯಾರಿಗಿದೆ! ನಾವು ಭಕ್ತರಲ್ಲ, ಸುಮ್ಮನೆ ಓದುವವರು ಅಷ್ಟೇ ಎಂಬರ್ಥದ ಮಾತು ಅವರ ಧ್ಯೇಯವಾಕ್ಯ.

ಸುಮ್ಮನೆ ಓದುವವರು ಕೂಡಿಟ್ಟದ್ದು ಮಾತ್ರ ಕಡಿಮೆಯದಲ್ಲ. 60,000ಕ್ಕೂ ಮಿಕ್ಕಿದ ಪುಸ್ತಕ, ಪತ್ರಿಕೆಗಳು. ಕಪಾಟಿಗೆ ಹೋಗಿ ಕೈಯಾರೆ ತೆಗೆದು ನೋಡಬಹುದಾದ ವಿಜ್ಞಾನ ಕಥೆಗಳ ಗ್ರಂಥಾಲಯಗಳಲ್ಲಿ ಅದೇ ಜಗತ್ತಿಗೆ ದೊಡ್ಡದು ಎಂದು ಹೆಸರಾಗಿದೆ. ಅದನ್ನು ನಡೆಸುವುದು ಸಂಬಳದ ನೌಕರರಲ್ಲ, ವಿದ್ಯಾರ್ಥಿಗಳೇ ಸರದಿಯ ಮೇಲೆ ಕೂತು ಬಾಗಿಲು ತೆರೆದಿಡುತ್ತಾರೆ. ಪರೀಕ್ಷೆ ಬಂದರೆ ಏನು ಗತಿಯೋ. ನಮ್ಮ ಸಮಾಜದ ಒಂದು ಬೀರು ಪುಸ್ತಕವನ್ನು ನೋಡಿಕೊಳ್ಳುವಷ್ಟರಲ್ಲೇ ನಮಗೆ ಸಾಕುಬೇಕಾಗಿತ್ತು. 'ನಾನು ಕೊಟ್ಟೆ', 'ನನಗೆ ಬರಲಿಲ್ಲ' ಎಂಬ ಜಗಳ ತೀರಿಸಲು ಒಂದು ನೋಟುಬುಕ್ಕನ್ನಾದರೂ ನೆಟ್ಟಗೆ ಬರೆದಿಡಬೇಕು. ಅಷ್ಟು ಪುಸ್ತಕಗಳಲ್ಲಿ ಬೇಕಾದ್ದು ಸಿಗಬೇಕಾದರೆ ಸೂಚಿ ಬೇಕೇ ಬೇಕು.

ಆ ಸೂಚಿಗೆ 'ಪಿಂಕ್‌ಡೆಕ್ಸ್' ಎಂದು ಹೆಸರು. ಗುಲಾಬಿ ಸೂಚಿ. 1960ರ ದಶಕದ ಸುಮಾರಿಗೆ ಆ ಸಂಘದಲ್ಲಿದ್ದ ಮೆರಿಲಿನ್ ವಿಸೋವಾಟಿ ಎಂಬ ಹುಡುಗಿಯನ್ನು ಗೆಳೆಯರು 'ಫಜ್ಜಿ ಪಿಂಕ್' ಎಂದು ಕರೆಯುತ್ತಿದ್ದರು. ಅಂದರೆ ನವಿರಾದ ನೂಲಿನ ಗುಲಾಬಿ ಬಣ್ಣ. ಸೂಚಿಗೆ ಆ ಹೆಸರು ಬಂದದ್ದು ಅವಳಿಂದ. ಯಾವ ಪುಸ್ತಕ, ಯಾರದು, ಎಲ್ಲಿದೆ? ನೋಡಲು ಸಪ್ಪೆ ಕೆಲಸ. ಭಾಷಣ ಮಾಡಿದವರ ಮಾತು ಶನಿವಾರಕ್ಕೆ ಮರೆತುಹೋಗುತ್ತದೆ. ಸೂಚಿ ಬರೆದವಳ ಕೆಲಸ ಅವಳು ಊರು ಬಿಟ್ಟ ಮೇಲೂ ದಿನಾ ಉಪಯೋಗಕ್ಕೆ ಬರುತ್ತದೆ. ಮೊರೋಜೋಗೆ ಸಿಗದಿದ್ದ ಒಂದು ಭಾಗ್ಯ ಇವಳಿಗೆ ಸಿಕ್ಕಿತು. ಮಾಡಿದ ಕೆಲಸಕ್ಕೇ ಅವಳ ಹೆಸರು ಅಂಟಿತು. ಅಡ್ಡಹೆಸರಾದರೇನು.

ಮೆರಿಲಿನ್ ಬರೀ ರಾಕೆಟ್ಟಿನ ಕಥೆ ಓದುವವಳಲ್ಲ. ಜಾರ್ಜೆಟ್ ಹೇಯರ್ ಬರೆದ ಹಳೆ ಇಂಗ್ಲೆಂಡಿನ ಪ್ರೇಮ ಕಾದಂಬರಿಗಳೆಂದರೂ ಅವಳಿಗೆ ಪ್ರಾಣ. ತ್ರಿವೇಣಿಯವರನ್ನೂ ಓದಿ ಬಾಹ್ಯಾಕಾಶದ ಕಥೆಯನ್ನೂ ಓದುವವರು ನಮ್ಮಲ್ಲೂ ಇದ್ದಾರೆ, ಒಂದನ್ನು ಓದುವುದಾಗಿ ಹೇಳಿಕೊಂಡು ಇನ್ನೊಂದನ್ನು ದಿಂಬಿನಡಿ ಇಡುತ್ತಾರೆ. ಅವಳು ಎರಡನ್ನೂ ಮೇಜಿನ ಮೇಲೇ ಇಟ್ಟಳು.

ಆ ಕಾಲದಲ್ಲಿ ಅಮೆರಿಕದ ವಿದ್ಯಾರ್ಥಿಗಳಿಗೆ ಈ ಕಥೆಗಳ ಹುಚ್ಚು ಎಷ್ಟಿತ್ತೆಂದರೆ, 1968ರ ಜನವರಿಯಲ್ಲಿ ಕ್ಯಾಲ್‌ಟೆಕ್ ವಿದ್ಯಾರ್ಥಿಗಳು 'ಸ್ಟಾರ್ ಟ್ರೆಕ್' ಧಾರಾವಾಹಿ ನಿಲ್ಲಿಸಬೇಡಿ ಎಂದು ಪಂಜು ಹಿಡಿದು ಟಿ.ವಿ. ಕಂಪೆನಿಯ ಬಾಗಿಲಿಗೆ ಮೆರವಣಿಗೆ ಹೋದರು. ಅದರ ಜೊತೆಗೇ ದೇಶಾದ್ಯಂತ ಕಾಗದ ಬರೆಸುವ ಚಳವಳಿ ನಡೆಯುತ್ತಿತ್ತು. ಅದನ್ನು ಮನೆಯಲ್ಲಿ ಕೂತು ಗಂಡನೊಡನೆ ನಡೆಸಿದವಳು ಬಿಜೋ ಟ್ರಿಂಬಲ್. ಮೆರವಣಿಗೆಗೆ ಒಂದು ರಾತ್ರಿ ಸಾಕು, ಲಕೋಟೆಗಳಿಗೆ ತಿಂಗಳುಗಟ್ಟಲೆ ಬೇಕು. ಧಾರಾವಾಹಿ ಇನ್ನೊಂದು ವರ್ಷ ನಡೆಯಿತು.

1969ರಲ್ಲಿ ಮೆರಿಲಿನ್ ಲ್ಯಾರಿ ನಿವೆನ್ ಎಂಬ ಲೇಖಕನನ್ನು ಮದುವೆಯಾದಳು. ಮರುವರ್ಷ ಅವನ 'ರಿಂಗ್‌ವರ್ಲ್ಡ್' ಕಾದಂಬರಿ ಬಂತು. ಸೂರ್ಯನ ಸುತ್ತ ತೊಡಿಸಿದ ದೊಡ್ಡ ಬಳೆ, ಅದರ ಒಳಮೈಯಲ್ಲಿ ಊರು, ಸಮುದ್ರ, ಜನ. ಪುಸ್ತಕಕ್ಕೆ ದೊಡ್ಡ ಪ್ರಶಸ್ತಿಗಳು ಬಂದವು. 1971ರಲ್ಲಿ ಬಾಸ್ಟನ್ನಿನಲ್ಲಿ ವಿಶ್ವ ಸಮ್ಮೇಳನ ನಡೆದಾಗ ಎಂ.ಐ.ಟಿ. ವಿದ್ಯಾರ್ಥಿಗಳು ಹೋಟೆಲಿನ ಪಡಸಾಲೆಗಳಲ್ಲಿ 'ಆ ಬಳೆ ನಿಲ್ಲುವುದಿಲ್ಲ, ನಿಲ್ಲುವುದಿಲ್ಲ' ಎಂದು ಕೂಗುತ್ತಾ ತಿರುಗಿದರು. ಅವರು ಲೆಕ್ಕ ಹಾಕಿ ನೋಡಿದ್ದರು. ಗ್ರಹವಾದರೆ ತನ್ನ ಕಕ್ಷೆಯಲ್ಲಿ ಸುತ್ತುತ್ತಾ ಇರುತ್ತದೆ. ಗಟ್ಟಿ ಬಳೆಗೆ ಆ ಆಸರೆಯಿಲ್ಲ. ಒಂದು ಕಡೆ ಕೂದಲೆಳೆಯಷ್ಟು ವಾಲಿದರೂ ಸೂರ್ಯ ಆ ಕಡೆಯನ್ನೇ ಹೆಚ್ಚು ಎಳೆಯುತ್ತಾನೆ, ಕೊನೆಗೆ ಬಳೆ ಹೋಗಿ ಸೂರ್ಯನಿಗೇ ಬಡಿಯುತ್ತದೆ.

ಹೆಂಡತಿಯ ತವರಿನವರೇ ಬಂದು ಬೀದಿಯಲ್ಲಿ ನಿಂತು ಲೆಕ್ಕ ತಪ್ಪೆಂದು ಕೂಗಿದ ಹಾಗಾಯಿತು ಪಾಪ. ನಿವೆನ್ ಮುನಿಸಿಕೊಳ್ಳಲಿಲ್ಲ. 1980ರ ಹೊತ್ತಿಗೆ ಎರಡನೆಯ ಭಾಗ ಬರೆದು, ಬಳೆಯ ಅಂಚಿಗೆ ಅದನ್ನು ಹಿಡಿದು ನಿಲ್ಲಿಸುವ ಯಂತ್ರಗಳನ್ನು ಕೂರಿಸಿದ. ಆ ಹುಡುಗರ ಕೂಗನ್ನೂ ಪುಸ್ತಕದ ಮುನ್ನುಡಿಯಲ್ಲಿ ನೆನೆದುಕೊಂಡ. ಮೆರಿಲಿನ್ 2023ರ ಡಿಸೆಂಬರಿನಲ್ಲಿ ತೀರಿಕೊಂಡಳು.