ಭೋಸರಿಯ ಲೇಥುಗಳೂ ಬೆಳಗಾವಿಯ ನಂಟೂ

ಪುಣೆ ಅಂದ ಕೂಡಲೇ ಊರಿನ ಮಂದಿಗೆ ಶನಿವಾರವಾಡೆ, ನಮ್ಮ ಗದಗಿನ ಭೀಮಸೇನ ಜೋಶಿಯವರು, ಈಚೆಗೆ ಸಾಫ್ಟ್‌ವೇರ್ ಕಂಪನಿಗಳು ನೆನಪಾಗುತ್ತವೆ. ನನ್ನ ಪಾಲಿನ ಪುಣೆ ಅಂದರೆ ಕೂಲಂಟ್ ವಾಸನೆಯ ಭೋಸರಿ. ನೀವು ಓಡಿಸುವ ಸ್ಕೂಟರು, ಲಾರಿಗಳ ಮೇಲೆ ದೊಡ್ಡ ಕಂಪನಿಯ ಹೆಸರಿರುತ್ತದೆ. ಆದರೆ ಒಳಗಿನ ಬುಷ್, ಪಿನ್ನು, ಶಾಫ್ಟುಗಳಲ್ಲಿ ಎಷ್ಟೋ ಇಂಥ ಸಣ್ಣ ಶೆಡ್ಡುಗಳಲ್ಲೇ ತಯಾರಾಗುತ್ತವೆ.

ಈ ಕಥೆಯ ಒಂದು ಬೇರು ನಮ್ಮ ನೆಲದಲ್ಲೇ ಇದೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು, ಮುಂದೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಮಣ್ಣು ವಿಷವಾಗುತ್ತದೆ ಎಂದು ರೈತರು ಹೆದರುತ್ತಿದ್ದ ಕಾಲ ಅದು. ಪುರಸಭೆ ಜಾಗ ಬಿಡಿಸಿದಾಗ ಔಂಧ್ ಸಂಸ್ಥಾನದ ರಾಜರು ನೆಲ ಕೊಟ್ಟರು. 1910ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ನಾವೆಲ್ಲ ಗುಳೆ ಬರುವ ಎಷ್ಟೋ ಮೊದಲೇ ಕಾರ್ಖಾನೆಯೇ ಗುಳೆ ಹೋಗಿತ್ತು ನೋಡಿ! 1946ರಲ್ಲಿ ಅದೇ ಮನೆತನದ ಆಯಿಲ್ ಎಂಜಿನ್ ಕಂಪನಿ ಪುಣೆಯಲ್ಲಿ ಶುರುವಾಯಿತು.

1962ರಲ್ಲಿ ಮಹಾರಾಷ್ಟ್ರ ಸರಕಾರ ಎಂಐಡಿಸಿ ಸ್ಥಾಪಿಸಿತು. ಪಿಂಪ್ರಿ-ಚಿಂಚವಾಡದ ಹೊಲಗಳು ಪ್ಲಾಟುಗಳಾದವು. ಆಕುರ್ಡಿಗೆ ಬಜಾಜ್ ಬಂತು, 1966ರಲ್ಲಿ ಟೆಲ್ಕೋ ಬಂತು. ಎಲ್ಲಾ ಭಾಗವನ್ನೂ ತಾವೇ ಮಾಡುವುದು ದೊಡ್ಡವರಿಗೆ ದುಬಾರಿ. 1967ರಿಂದ ಸರಕಾರ ಕೆಲವು ವಸ್ತುಗಳನ್ನು ಸಣ್ಣ ಕೈಗಾರಿಕೆಗೇ ಮೀಸಲಿಟ್ಟಿತು. ಹೀಗೆ ಭೋಸರಿಯಲ್ಲಿ ಎರಡು ಲೇಥು, ಒಂದು ಡ್ರಿಲ್ಲಿಂಗ್ ಮಶೀನಿನ ಶೆಡ್ಡುಗಳು ಹುಟ್ಟಿಕೊಂಡವು. ಆ ಲೇಥುಗಳಾದರೂ ಎಲ್ಲಿಯವು? 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್, 1953ರ ಬೆಂಗಳೂರಿನ ಎಚ್‌ಎಂಟಿ. ಮಶೀನೂ ನಮ್ಮೂರಿಂದಲೇ ಬಂತು, ಅದರ ಮುಂದೆ ನಿಲ್ಲುವ ಹುಡುಗರಲ್ಲಿ ಹಲವರೂ ನಮ್ಮೂರಿನವರೇ.

ನಾನು ಗೋಕಾಕದ ಕಡೆಯಿಂದ ಐಟಿಐ ಮುಗಿಸಿ ಬಂದದ್ದು 1984ರಲ್ಲಿ. ಡ್ರಾಯಿಂಗಿನಲ್ಲಿ 20 ಮೈಕ್ರಾನ್ ಎಂದಿದ್ದರೆ ಅದು ಕೂದಲಿನ ದಪ್ಪದ ಮೂರನೇ ಒಂದು ಪಾಲಿಗೂ ಕಡಿಮೆ. ಕೈಯಲ್ಲಿ ಹ್ಯಾಂಡಲ್ ತಿರುಗಿಸಿ ಅಷ್ಟು ನಿಖರ ತರಬೇಕು. ವಿಜಾಪುರದ ಹಿರಿಯ ಟರ್ನರ್ ಒಬ್ಬರು ಹೇಳುತ್ತಿದ್ದರು: "ತಮ್ಮಾ, ಕಣ್ಣಿಗಿಂತ ಮೊದಲ ಕಿವಿ ಇಡು. ಟೂಲ್ ಚೀರಾಕತ್ತಿತಂದ್ರ ಮಶೀನ್ ನಿಲ್ಲಸು." ಅವರ ಸಂಬಳ ನಿಂತಿದ್ದೇ ಆ ಕಿವಿಯ ಮೇಲೆ.

1983ರಲ್ಲಿ ಮಾರುತಿ ಜತೆ ಜಪಾನಿ ಪದ್ಧತಿ ಬಂತು, 1991ರ ಉದಾರೀಕರಣದ ನಂತರ ಅದು ಎಲ್ಲೆಡೆ ಹಬ್ಬಿತು. ಮಾಲು ಬೇಕಾದ ದಿನ, ಬೇಕಾದಷ್ಟೇ ಬರಬೇಕು. ಕೇಳಲು ಚೆಂದ. ಆದರೆ ದೊಡ್ಡವರ ಗೋದಾಮು ಖಾಲಿಯಾದಂತೆ ಸ್ಟಾಕ್ ಇಟ್ಟುಕೊಳ್ಳುವ ಭಾರ ಸಣ್ಣವರ ಶೆಡ್ಡಿಗೆ ಬಿತ್ತು. ಸಿಎನ್‌ಸಿ ಬಂದ ಮೇಲೆ ಹ್ಯಾಂಡಲ್ ಹೋಯಿತು, ಪ್ರೋಗ್ರಾಂ ಬಂತು. ಮಾಡಿದ ಮೇಲೆ ಕೆಟ್ಟದ್ದನ್ನು ಆರಿಸುವ ಬದಲು, ಕೆಡದಂತೆ ಪ್ರಕ್ರಿಯೆಯನ್ನೇ ಹತೋಟಿಯಲ್ಲಿಡಬೇಕು, ಪ್ರತಿ ಲಾಟಿಗೂ ದಾಖಲೆ ಇಡಬೇಕು. ಇದರಿಂದ ಗುಣಮಟ್ಟ ಸುಧಾರಿಸಿದ್ದು ನಿಜ. 1998ರಲ್ಲಿ ಚೆನ್ನೈನ ಸುಂದರಂ ಕ್ಲೇಟನ್ ಭಾರತಕ್ಕೆ ಮೊದಲ ಡೆಮಿಂಗ್ ಪ್ರಶಸ್ತಿ ತಂದಿತು.

ದುಡ್ಡಿನ ವಿಷಯ ಮಾತ್ರ ಅಷ್ಟು ಬೇಗ ಸುಧಾರಿಸಲಿಲ್ಲ. 2006ರ ಕಾಯ್ದೆಯ ಪ್ರಕಾರ ಸಣ್ಣ ಉದ್ಯಮಗಳಿಗೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ನಾನು ಸ್ವಂತ ಶೆಡ್ಡು ಹಾಕಿದ ಮೇಲೆ 100 ದಿನ ಕಾದದ್ದೂ ಉಂಟು. ಮಾಲು ತಡವಾದರೆ ದಂಡ, ಹಣ ತಡವಾದರೆ "ಮುಂದಿನ ವಾರ ನೋಡೋಣ ರೀ". ತಡ ಮಾಡಿದವರಿಗೆ ಆದಾಯ ತೆರಿಗೆಯಲ್ಲಿ ಬಿಸಿ ಮುಟ್ಟಿಸುವ ನಿಯಮ 2024ರಲ್ಲಿ ಜಾರಿಗೆ ಬಂತು.

ಈಗಿನ ಚಿಂತೆ ಇನ್ನೂ ದೊಡ್ಡದು. ವಿದ್ಯುತ್ ವಾಹನದಲ್ಲಿ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ, ಕ್ರ್ಯಾಂಕ್ ಶಾಫ್ಟ್ ಇಲ್ಲ. ಬ್ರೇಕು, ಸಸ್ಪೆನ್ಷನ್, ಸ್ಟಿಯರಿಂಗ್ ಭಾಗ ಮಾಡುವವರಿಗೆ ಅಷ್ಟು ಹೆದರಿಕೆಯಿಲ್ಲ. ಎಂಜಿನ್ನಿನ ಭಾಗವನ್ನೇ ನಂಬಿದವರು ದಾರಿ ಹುಡುಕಬೇಕು. ನನ್ನ ಶೆಡ್ಡಿನ ಹತ್ತು ಭಾಗಗಳಲ್ಲಿ ಆರು ಎಂಜಿನ್ನಿಗೆ ಹೋಗುವಂಥವು. ಮೋಟರಿನ ಶಾಫ್ಟಿಗೆ ಹೊಸ ಮಶೀನು ಬೇಕು, ಅದಕ್ಕೆ ಸಾಲ ಬೇಕು. ಮಗ ಹೂಂ ಅನ್ನುತ್ತಾನೆ, ನನಗೆ ಕಂತಿನ ಲೆಕ್ಕ. ಬೆಳಗಾವಿಯ ಉದ್ಯಮಬಾಗದಲ್ಲೂ ಎಂಜಿನ್ ಭಾಗ ಮಾಡುವವರ ಮುಂದಿರುವುದು ಇದೇ ಪ್ರಶ್ನೆ.

ಊರಿಂದ ಇಂದಿಗೂ ಫೋನ್ ಬರುತ್ತದೆ: "ಅಣ್ಣಾರ, ನಮ್ಮ ಹುಡುಗಗ ಒಂದು ಕೆಲಸ ನೋಡ್ರಿ." ಮೊದಲು ಲೇಥ್ ಬರತೈತೇನು ಅಂತ ಕೇಳುತ್ತಿದ್ದೆ. ಈಗ ಡ್ರಾಯಿಂಗ್ ಓದಾಕ ಬರತೈತೇನು, ಅಳತಿ ಹಿಡಿಯಾಕ ಬರತೈತೇನು ಅಂತ ಕೇಳುತ್ತೇನೆ. ಪೆಟ್ರೋಲ್ ಹೋಗಿ ಬ್ಯಾಟರಿ ಬಂದರೂ ಆ ಎರಡು ವಿದ್ಯೆಗೆ ಕೆಲಸ ತಪ್ಪುವುದಿಲ್ಲ.