ಭತ್ತದ ಹುಲ್ಲಿನಿಂದ ಎಥೆನಾಲ್: ಹುಲ್ಲಿನೊಳಗಿನ ಸಕ್ಕರೆ ತೆಗೆಯುವುದು ಅಷ್ಟು ಕಷ್ಟವೇಕೆ? ಇಲ್ಲಿದೆ ಮಾಹಿತಿ

ಬೆಂಗಳೂರು: ದಾವಣಗೆರೆ ಜಿಲ್ಲೆಯ ಹರಿಹರದಲ್ಲಿ ಕೃಷಿ ತ್ಯಾಜ್ಯದಿಂದ ದಿನಕ್ಕೆ 60 ಕಿಲೋಲೀಟರ್ ಎಥೆನಾಲ್ ತಯಾರಿಸುವ ಘಟಕವನ್ನು ಎಂಆರ್‌ಪಿಎಲ್ ಯೋಜಿಸಿದೆ. ಇಂಥ ಘಟಕಗಳಿಗೆ ನೆರವಾಗಲೆಂದೇ ಕೇಂದ್ರ ಸರ್ಕಾರ 2019ರಲ್ಲಿ 'ಪ್ರಧಾನ ಮಂತ್ರಿ ಜೀವನ್' ಯೋಜನೆ ತಂದಿತು. ಕಬ್ಬಿನಿಂದ ಎಥೆನಾಲ್ ತಯಾರಿಸುವ ಕಾರ್ಖಾನೆಗಳು ರಾಜ್ಯದಲ್ಲಿ ಸಾಕಷ್ಟಿವೆ. ಆದರೆ ಹುಲ್ಲಿನಿಂದ ತಯಾರಿಸುವುದು ಅಷ್ಟು ಸುಲಭವಲ್ಲ. ಏಕೆ?

ಹುಲ್ಲಿನೊಳಗೆ ಸಕ್ಕರೆ ಎಲ್ಲಿದೆ?

ಭತ್ತದ ಹುಲ್ಲಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಸೆಲ್ಯುಲೋಸ್ ಮತ್ತು ಹೆಮಿಸೆಲ್ಯುಲೋಸ್. ಎರಡೂ ಸಕ್ಕರೆಯ ಕಣಗಳು ಸರಪಳಿಯಂತೆ ಜೋಡಿಸಿಕೊಂಡು ಆದ ವಸ್ತುಗಳು. ಇವುಗಳನ್ನು ಲಿಗ್ನಿನ್ ಎಂಬ ಗಟ್ಟಿ ಪದಾರ್ಥ ಸುತ್ತುವರಿದಿರುತ್ತದೆ. ಆರ್‌ಸಿಸಿ ಕಂಬಕ್ಕೆ ಹೋಲಿಸಿದರೆ ಸೆಲ್ಯುಲೋಸ್ ಕಬ್ಬಿಣದ ಸರಳು, ಹೆಮಿಸೆಲ್ಯುಲೋಸ್ ಕಟ್ಟುವ ತಂತಿ, ಲಿಗ್ನಿನ್ ಸಿಮೆಂಟ್. ಸರಪಳಿಯನ್ನು ಕತ್ತರಿಸಿ ಸಕ್ಕರೆ ಮಾಡುವ ಕೆಲಸ ಸೆಲ್ಯುಲೇಸ್ ಎಂಬ ಕಿಣ್ವದ್ದು. ಆದರೆ 'ಸಿಮೆಂಟ್' ಒಡೆಯದ ಹೊರತು ಕಿಣ್ವ ಒಳಗೆ ತಲುಪುವುದೇ ಇಲ್ಲ. ಅದಕ್ಕಾಗಿ ಮೊದಲೇ ಮಾಡುವ ಕೆಲಸಕ್ಕೆ ಪೂರ್ವ ಸಂಸ್ಕರಣೆ ಎನ್ನುತ್ತಾರೆ.

ಪ್ರಮುಖ ವಿಧಾನಗಳು

* ಹಬೆ ಸ್ಫೋಟ: ಹುಲ್ಲನ್ನು ಅಧಿಕ ಒತ್ತಡದ ಹಬೆಯಲ್ಲಿ ಕೆಲ ನಿಮಿಷ ಬೇಯಿಸಿ, ಒತ್ತಡವನ್ನು ಒಮ್ಮೆಲೇ ಇಳಿಸಲಾಗುತ್ತದೆ. ನಾರು ಒಳಗಿನಿಂದಲೇ ಸಿಡಿದು ಬಿಡಿಬಿಡಿಯಾಗುತ್ತದೆ.

* ಆಮ್ಲ: ತೆಳುವಾದ ಸಲ್ಫ್ಯೂರಿಕ್ ಆಮ್ಲದೊಂದಿಗೆ ಬಿಸಿ ಮಾಡಿದರೆ ಹೆಮಿಸೆಲ್ಯುಲೋಸ್ ಕರಗಿ ಬರುತ್ತದೆ.

* ಕ್ಷಾರ: ಕಾಸ್ಟಿಕ್ ಸೋಡಾ ಅಥವಾ ಅಮೋನಿಯಾ ಲಿಗ್ನಿನ್ ಬಂಧವನ್ನು ಸಡಿಲಿಸುತ್ತದೆ.

ಕೊನೆಯ ವಿಧಾನ ಹೈನುಗಾರರಿಗೆ ಹೊಸದೇನಲ್ಲ. 100 ಕೆಜಿ ಒಣಹುಲ್ಲಿಗೆ 4 ಕೆಜಿ ಯೂರಿಯಾ ಕರಗಿಸಿದ ನೀರು ಚಿಮುಕಿಸಿ, ಗಾಳಿಯಾಡದಂತೆ ಸುಮಾರು ಮೂರು ವಾರ ಮುಚ್ಚಿಡುವ 'ಯೂರಿಯಾ ಉಪಚಾರ'ದಲ್ಲಿ ನಡೆಯುವುದೂ ಇದೇ. ಯೂರಿಯಾದಿಂದ ಹೊರಬರುವ ಅಮೋನಿಯಾ ನಾರನ್ನು ಮೆದುಗೊಳಿಸುವುದರಿಂದ ಹಸುವಿಗೆ ಹುಲ್ಲು ಹೆಚ್ಚು ಜೀರ್ಣವಾಗುತ್ತದೆ.

ಹದ ತಪ್ಪಿದರೆ ನಷ್ಟ

ಸಂಸ್ಕರಣೆ ಕಡಿಮೆಯಾದರೆ ಕಿಣ್ವ ಹೆಚ್ಚು ಬೇಕಾಗುತ್ತದೆ, ಸಕ್ಕರೆ ಕಡಿಮೆ ಸಿಗುತ್ತದೆ. ಕಿಣ್ವ ದುಬಾರಿ. ಶಾಖ ಅಥವಾ ಆಮ್ಲ ಅತಿಯಾದರೆ ಸಕ್ಕರೆಯೇ ಕೆಟ್ಟು ಫರ್ಫ್ಯೂರಲ್‌ನಂಥ ರಾಸಾಯನಿಕವಾಗುತ್ತದೆ. ಇದು ಮುಂದಿನ ಹಂತದಲ್ಲಿ ಹುದುಗು ಬರಿಸುವ ಯೀಸ್ಟ್‌ಗೆ ಮಾರಕ. ಭತ್ತದ ಹುಲ್ಲಿನಲ್ಲಿ ಸಿಲಿಕಾ ಅಂಶ ಹೆಚ್ಚಿರುವುದರಿಂದ ಯಂತ್ರಗಳೂ ಬೇಗ ಸವೆಯುತ್ತವೆ. ಹೆಮಿಸೆಲ್ಯುಲೋಸ್‌ನಿಂದ ಸಿಗುವ ಕ್ಸೈಲೋಸ್ ಸಕ್ಕರೆಯನ್ನು ಸಾಮಾನ್ಯ ಯೀಸ್ಟ್ ಬಳಸುವುದಿಲ್ಲ ಎಂಬುದು ಮತ್ತೊಂದು ತೊಡಕು.

ದೇಶದಲ್ಲಿ ಎಲ್ಲೆಲ್ಲಿ?

ಮುಂಬೈನ ಮಾಟುಂಗಾದಲ್ಲಿರುವ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ (ಐಸಿಟಿ) ಅಭಿವೃದ್ಧಿಪಡಿಸಿದ ತಂತ್ರಜ್ಞಾನದ, ದಿನಕ್ಕೆ 10 ಟನ್ ಸಾಮರ್ಥ್ಯದ ಪ್ರಾತ್ಯಕ್ಷಿಕೆ ಘಟಕ 2016ರ ಏಪ್ರಿಲ್‌ನಲ್ಲಿ ಉತ್ತರಾಖಂಡದ ಕಾಶಿಪುರದಲ್ಲಿ ಉದ್ಘಾಟನೆಯಾಯಿತು. ಹರಿಯಾಣದ ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್‌ನ ಘಟಕವನ್ನು ಪ್ರಧಾನಿ ನರೇಂದ್ರ ಮೋದಿ 2022ರ ಆಗಸ್ಟ್ 10ರಂದು ಲೋಕಾರ್ಪಣೆ ಮಾಡಿದರು. 900 ಕೋಟಿ ರೂ.ಗೂ ಹೆಚ್ಚು ವೆಚ್ಚದ ಈ ಘಟಕದ ಗುರಿ, ವರ್ಷಕ್ಕೆ ಸುಮಾರು 2 ಲಕ್ಷ ಟನ್ ಭತ್ತದ ಹುಲ್ಲಿನಿಂದ ಸುಮಾರು 3 ಕೋಟಿ ಲೀಟರ್ ಎಥೆನಾಲ್. ಅಂದರೆ ಒಂದು ಟನ್ ಹುಲ್ಲಿಗೆ 150 ಲೀಟರ್.

ಕರ್ನಾಟಕಕ್ಕೆ ಏನು ಮುಖ್ಯ?

ಮಳೆ ಕೈಕೊಟ್ಟು ಕಬ್ಬು ಕಡಿಮೆಯಾಗುವ ಆತಂಕದಿಂದ 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಬ್ಬಿನ ರಸದಿಂದ ಎಥೆನಾಲ್ ತಯಾರಿಕೆಗೆ ನಿರ್ಬಂಧ ಹೇರಿತ್ತು. ಆಹಾರ ಬೆಳೆಯನ್ನೇ ನೆಚ್ಚಿದರೆ ಏನಾಗುತ್ತದೆ ಎಂಬುದನ್ನು ಇದು ತೋರಿಸಿತು. ಹುಲ್ಲು, ಹತ್ತಿ ಕಟ್ಟಿಗೆ, ಕಾಳು ಬಿಡಿಸಿದ ಮೆಕ್ಕೆಜೋಳದ ತೆನೆಯಂಥವು ಕಚ್ಚಾವಸ್ತುವಾದರೆ ಈ ಸಮಸ್ಯೆ ಇಲ್ಲ.

ಆದರೆ ಪಂಜಾಬ್, ಹರಿಯಾಣದಲ್ಲಿ ಹುಲ್ಲಿಗೆ ಬೆಂಕಿ ಇಡುವುದು ಸಮಸ್ಯೆಯಾದರೆ, ನಮ್ಮಲ್ಲಿ ಭತ್ತದ ಹುಲ್ಲು ದನಗಳ ಮೇವು. ಬರಗಾಲದಲ್ಲಿ ಅದಕ್ಕೆ ಚಿನ್ನದ ಬೆಲೆ. ಹೀಗಾಗಿ ಇಲ್ಲಿನ ಘಟಕಗಳು ದನ ತಿನ್ನದ ತ್ಯಾಜ್ಯವನ್ನೂ ಸಂಸ್ಕರಿಸುವಂತಿರಬೇಕು. ಹತ್ತಿ ಕಟ್ಟಿಗೆಯಲ್ಲಿ ಹುಲ್ಲಿಗಿಂತ ಲಿಗ್ನಿನ್ ಹೆಚ್ಚು. ಅದನ್ನು ಕಡಿಮೆ ಖರ್ಚಿನಲ್ಲಿ ಸಡಿಲಿಸುವ ವಿಧಾನ ಗಟ್ಟಿಯಾದಷ್ಟೂ ಮೇವಿನ ಮೇಲಿನ ಒತ್ತಡ ತಗ್ಗುತ್ತದೆ, ರೈತರಿಗೂ ಹೊಲದ ಕಸದಿಂದ ನಾಲ್ಕು ಕಾಸು ಸಿಗುತ್ತದೆ.