ಸೊಲ್ಲಾಪುರದ ಸರಪಳಿ

ಕೈಪಂಪು, ಅಂದರೆ ನಮ್ಮ ಕಡೆಯ ಬೋರಿಂಗ್, ಕೆಟ್ಟಿದೆ ಅಂತ ಯಾರಾದರೂ ಕರೆದರೆ ನಾನು ಪಾನಾ ಮುಟ್ಟುವ ಮೊದಲು ಹಿಡಿಕೆ ಹೊಡೆದು ನೋಡುತ್ತೇನೆ. ಹಿಡಿಕೆ ಹಗುರಾಗಿ ಆಡಿ ನೀರೇ ಬರದಿದ್ದರೆ ಒಳಗಿನ ರಾಡು ಕಳಚಿರುತ್ತದೆ, ಇಲ್ಲವೇ ಸೆಲೆಯೇ ಕೆಳಗಿಳಿದಿರುತ್ತದೆ. ಬಹಳ ಹೊತ್ತು ಹೊಡೆದ ಮೇಲೆ ಬಂದರೆ ತಳದ ವಾಲ್ವು ಸೋರುತ್ತಿದೆ. ಪೈಪಿನಲ್ಲಿ ನಿಲ್ಲಬೇಕಾದ ನೀರು ರಾತ್ರಿ ಬಾವಿಗೇ ಮರಳಿದೆ. ಕೂಡಲೇ ಬಂದರೂ ಧಾರೆ ಸಣ್ಣಗಿದ್ದರೆ ಸಿಲಿಂಡರಿನ ತೊಗಲ ವಾಷರ್ ಸವೆದಿದೆ. ಅಂಥ ವಾಷರನ್ನು ಹೊರಗೆ ತೆಗೆದು ನೋಡಿ, ಅಂಚು ಕಾಗದದಷ್ಟು ತೆಳ್ಳಗಾಗಿರುತ್ತದೆ.

ಈ ಯಂತ್ರದ ಮೂಲ ದೂರದ್ದಲ್ಲ. ಇಂಡಿಯಿಂದ ಭೀಮೆ ದಾಟಿದರೆ ಸಿಗುವ ಸೊಲ್ಲಾಪುರದ್ದು. ಮೊದಲು ಬಂದ ಬೀಡುಕಬ್ಬಿಣದ ಪಂಪುಗಳು ಪರದೇಶದಲ್ಲಿ ಒಂದೊಂದು ಮನೆಗೆಂದು ಮಾಡಿದ ನಮೂನೆಯವು. ಇಲ್ಲಿ ಇಡೀ ಓಣಿ ನಸುಕಿನಿಂದ ಕತ್ತಲವರೆಗೆ ಹೊಡೆದರೆ ಅವು ಎಷ್ಟು ದಿನ ತಾಳಿಯಾವು? 1970ರ ದಶಕದ ನಡುವೆ ಯುನಿಸೆಫ್ ಎಣಿಸಿದಾಗ ಮುಕ್ಕಾಲು ಪಾಲು ಪಂಪು ಕೆಟ್ಟು ನಿಂತಿದ್ದವು. ಅದಕ್ಕೂ ಮೊದಲೇ ಮಹಾರಾಷ್ಟ್ರದ ಜಾಲ್ನಾದಲ್ಲಿ ಉಕ್ಕಿನ ಪಂಪು ಮಾಡಿದ್ದರು. ಸೊಲ್ಲಾಪುರದವರು ಅದನ್ನು ಇನ್ನಷ್ಟು ತಿದ್ದಿದರು. ಹಿಡಿಕೆಗೆ ಒಂದೇ ಕೀಲು, ಕೀಲಿಗೆ ಬೇರಿಂಗು, ರಾಡಿಗೆ ಸರಪಳಿ. ನನ್ನ ಕೇಳಿದರೆ ಜಾಣತನವೆಲ್ಲ ಆ ಸರಪಳಿಯಲ್ಲೇ ಇದೆ: ರಾಡು ನೆಟ್ಟಗೆ ಏರಿಳಿಯುತ್ತದೆ, ಪಕ್ಕಕ್ಕೆ ಜಗ್ಗಿ ಸವೆಯುವುದಿಲ್ಲ. ಕೇಂದ್ರ ಸರಕಾರ, ಯುನಿಸೆಫ್, ಮದ್ರಾಸಿನ ರಿಚರ್ಡ್‌ಸನ್ ಅಂಡ್ ಕ್ರುಡಾಸ್ ಕಂಪನಿ ಸೇರಿ ಇದನ್ನೇ ಬೆಳೆಸಿ, ಕೊಯಮತ್ತೂರಿನ ಕಡೆ ಪರೀಕ್ಷಿಸಿ, ದಶಕದ ಕೊನೆಗೆ ಇಂಡಿಯಾ ಮಾರ್ಕ್-2 ಎಂದು ಹೊರತಂದರು.

1983ರ ನಂತರ ಅಬ್ದುಲ್ ನಜೀರ್ ಸಾಬರು ನಮ್ಮ ರಾಜ್ಯದ ಮಂತ್ರಿಯಾಗಿದ್ದಾಗ ಹಳ್ಳಿಹಳ್ಳಿಗೆ ಬೋರಿಂಗ್ ಬಿದ್ದವು. ಜನ ಅವರನ್ನು ‘ನೀರ್ ಸಾಬ್’ ಅಂದದ್ದು ಸುಮ್ಮನೆ ಅಲ್ಲ.

ಬಸವನ ಬಾಗೇವಾಡಿ, ಮುದ್ದೇಬಿಹಾಳದ ಡೋಣಿ ದಂಡೆಯಲ್ಲಿ ಕೆಲಸ ಬೇರೆ ತರಹ. ಅಲ್ಲಿ ಸವಳು ನೀರು, ಕಬ್ಬಿಣದ ಪೈಪನ್ನು ತಿಂದುಬಿಡುತ್ತದೆ. ಬೆಳಗಿನ ಮೊದಲ ಕೊಡ ಕೆಂಪಗೆ ಬಂತೆಂದರೆ ಪೈಪಿನ ಗತಿ ತಿಳಿಯಿರಿ. ಮಾರ್ಕ್-2ರ ದೊಡ್ಡ ತೊಡಕೂ ಪೈಪಿನದೇ. ಅಂಗೈಯಷ್ಟಿಲ್ಲದ ವಾಷರ್ ಬದಲಿಸಲು ಇಡೀ ಪೈಪಿನ ಸಾಲು ಮೇಲೆ ಬರಬೇಕು, ಮುಕ್ಕಾಲಿ ನಿಲ್ಲಿಸಬೇಕು, ಆಳು ಕೂಡಬೇಕು. ಪೈಪು ಅಗಲ ಮಾಡಿ, ಪಿಸ್ಟನ್ ಮಾತ್ರ ಎಳೆದು ತೆಗೆಯುವಂತೆ ಮಾಡಿದ್ದು ಮಾರ್ಕ್-3.

ಈಗ ಎಲ್ಲ ಕಡೆ ಸಬ್‌ಮರ್ಸಿಬಲ್ ಮೋಟಾರು. ಅದನ್ನು ಇಳಿಸುವಾಗ ಹಳೆಯ ಪಂಪಿನ ತಲೆ ಗುಜರಿಗೆ ಹೋಗುತ್ತದೆ, ಕರೆಂಟು ಹೋದ ದಿನ ಓಣಿಗೆ ಓಣಿಯೇ ಟ್ಯಾಂಕರ್ ದಾರಿ ಕಾಯುತ್ತದೆ. ನಿಮ್ಮ ಓಣಿಯ ಬೋರಿಂಗಿಗೆ ಇನ್ನೂ ನೀರಿದ್ದರೆ ಕೀಳಿಸಬೇಡಿ. ತಿಂಗಳಿಗೊಮ್ಮೆ ಸರಪಳಿಗೆ ಗ್ರೀಸು ಹಚ್ಚಿಸಿ, ಧಾರೆ ಸಣ್ಣಗಾದ ಕೂಡಲೇ ವಾಷರ್ ಹಾಕಿಸಿ.